ಬಳ್ಳಿಗಾವಿಗೆ ದೋಣಿ ಬೇಡ

"ಬಳ್ಳಿಗಾವಿ ಕೆರೇಲಿ ಒಂದು ಬೋಟಿಂಗ್ ಶುರು ಮಾಡ್ಲಿ ನೋಡ್ರಿ, ಊರಿನ ಕಥೆನೇ ಬದಲಾಗುತ್ತೆ."

ಕಳೆದ ಎರಡು ವರ್ಷಗಳಲ್ಲಿ ಈ ಮಾತನ್ನು ಕನಿಷ್ಠ ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೇಳಿದ್ದೇನೆ, ಶಿಕಾರಿಪುರದ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ, ಆನವಟ್ಟಿಯ ನಿವೃತ್ತ ಮೇಷ್ಟ್ರೊಬ್ಬರ ಜಗಲಿಯಲ್ಲಿ ಕೇಳಿದ್ದೇನೆ. ಹೇಳುವವರೆಲ್ಲ ಒಳ್ಳೆಯವರು, ಊರಿನ ಮೇಲೆ ಪ್ರೀತಿ ಇರುವವರು. ನಾಚಿಕೆಯ ಸಂಗತಿಯೆಂದರೆ, ಒಂದು ಕಾಲಕ್ಕೆ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ನಾನೇ. ಹಾಗಾಗಿ ಈ ಬರಹದಲ್ಲಿ ನಾನು ಜಗಳಕ್ಕೆ ನಿಂತಿರುವುದು ಮೊದಲು ನನ್ನ ಜೊತೆಗೇ.

ನನಗೆ ದೋಣಿಯ ಹುಚ್ಚು ಹಿಡಿದದ್ದು ಶಿಕಾಗೊದಲ್ಲಿ.

ಸಂಶೋಧನಾ ವಿದ್ಯಾರ್ಥಿಗಳಿಗೆ ವಿದೇಶದ ವಿಚಾರ ಸಂಕಿರಣ ಅಂದರೆ ಚಿಕ್ಕವರಿದ್ದಾಗ ಜಾತ್ರೆಗೆ ಹೋದ ಹಾಗೆ. ಹದಿನೈದು ನಿಮಿಷ ಪ್ರಬಂಧ ಓದುವುದು, ಉಳಿದ ಹೊತ್ತು ಊರು ನೋಡುವುದು. ಅಲ್ಲೇ ಕೆಲಸದಲ್ಲಿರುವ ಚಿಕ್ಕಮ್ಮನ ಮಗ, "ಅಕ್ಕಾ, ನೀನು ಕಲ್ಲು, ಗುಡಿ, ಶಾಸನ ಅಂತ ಓದೋಳು, ಇದನ್ನ ನೋಡ್ಲೇಬೇಕು" ಎಂದು ನದಿಯ ದೋಣಿಗೆ ಟಿಕೆಟ್ ತೆಗೆಸಿದ. ಅದರ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿದಾಗ ನನ್ನ ಹಾಸ್ಟೆಲಿನ ಒಂದು ತಿಂಗಳ ಮೆಸ್ ಬಿಲ್ಲಿನ ಹತ್ತಿರ ಬಂತು. ಬೈದುಕೊಂಡೇ ಹತ್ತಿದೆ.

ದೋಣಿ ಊರಿನ ನಡುವೆ ಹರಿಯುವ ನದಿಯಲ್ಲಿ ಒಂದೂವರೆ ಗಂಟೆ ಸಾಗುತ್ತದೆ. ಎರಡೂ ದಡಗಳಲ್ಲಿ ಕತ್ತೆತ್ತಿ ನೋಡಿದರೂ ಮುಗಿಯದ ಕಟ್ಟಡಗಳು. ಮೈಕು ಹಿಡಿದು ನಮ್ಮ ಕಡೆ ಮುಖ ಮಾಡಿ ನಿಂತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ನಿವೃತ್ತ ಶಿಕ್ಷಕಿಯಂತೆ. ಅವರಿಗೆ ಸಂಬಳವಿಲ್ಲ. ಅಲ್ಲಿ ಹೀಗೆ ಊರು ತೋರಿಸುವವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ತರಬೇತಿ ಪಡೆದ ಸ್ವಯಂಸೇವಕರು. 1871ರ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟು ಬೂದಿಯಾದದ್ದರಿಂದ ಅವರು ಮಾತು ಶುರುಮಾಡಿದರು. ನಮ್ಮ ಕಡೆಯ ಮೆಕ್ಕೆಜೋಳದ ತೆನೆಯನ್ನೇ ನೆಟ್ಟಗೆ ನಿಲ್ಲಿಸಿದಂತಿರುವ ಜೋಡಿ ಗೋಪುರಗಳನ್ನು ತೋರಿಸಿ ಅದನ್ನು ರೂಪಿಸಿದವನು ಬರ್ಟ್ರಾಂಡ್ ಗೋಲ್ಡ್‌ಬರ್ಗ್ ಎಂದರು. 110 ಅಂತಸ್ತಿನ ಸಿಯರ್ಸ್ ಟವರ್ ಕಂಡಾಗ, ಒಂಬತ್ತು ಚೌಕದ ಕೊಳವೆಗಳನ್ನು ಒಂದು ಹೊರೆಯಾಗಿ ಕಟ್ಟಿದ ಹಾಗೆ ಅದನ್ನು ನಿಲ್ಲಿಸಿದ ಎಂಜಿನಿಯರ್ ಢಾಕಾ ಕಡೆಯ ಫಜ್ಲುರ್ ಖಾನ್ ಎಂದರು. ಯಾವ ಸಂಬಂಧವೂ ಇಲ್ಲದ ನಾನು ಆ ಹೆಸರು ಕೇಳಿ ಬೆನ್ನು ನೆಟ್ಟಗೆ ಮಾಡಿ ಕೂತೆ.

ಆದರೆ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಇದಾವುದೂ ಅಲ್ಲ. ನಡುವೆ ಆಕೆ ಕಟ್ಟಡಗಳನ್ನು ಬಿಟ್ಟು ನೀರಿನತ್ತ ಕೈ ತೋರಿಸಿ ಹೇಳಿದರು: ಈ ನದಿ ಹಿಂದೆ ಈ ಊರಿನ ಚರಂಡಿಯಾಗಿತ್ತು. ಊರಿನ ಹೊಲಸೆಲ್ಲ ಇದರಲ್ಲಿ ಸೇರಿ, ಊರು ಕುಡಿಯುವ ನೀರು ತೆಗೆಯುತ್ತಿದ್ದ ಸರೋವರಕ್ಕೇ ಹೋಗುತ್ತಿತ್ತು. ಜನ ಕಾಯಿಲೆ ಬಿದ್ದು ಸತ್ತರು. ಕೊನೆಗೆ ಒಂದು ದೊಡ್ಡ ಕಾಲುವೆ ತೋಡಿ 1900ರಲ್ಲಿ ನದಿಯನ್ನೇ ಹಿಮ್ಮುಖವಾಗಿ ಹರಿಸಿದರು. ಹೊಲಸು ಕೆಳಗಿನ ಊರುಗಳ ಕಡೆ ಹೋಯಿತು. ಕೆಳಗಿನ ಮಿಸೌರಿ ರಾಜ್ಯ ಕೋರ್ಟಿಗೆ ಹೋಯಿತು, ಸೋತಿತು. "ಈಗ ಹಳೆಯ ಕಟ್ಟಡಗಳನ್ನು ನೋಡಿ. ಅವು ನದಿಗೆ ಬೆನ್ನು ಹಾಕಿ ನಿಂತಿವೆ. ಹೊಸವು ಮುಖ ಮಾಡಿ ನಿಂತಿವೆ. ನೀರು ಹೇಗಿತ್ತೋ ಕಟ್ಟಡ ಹಾಗೆ ತಿರುಗಿತು."

ನೀರು ಹೇಗಿತ್ತೋ ಕಟ್ಟಡ ಹಾಗೆ ತಿರುಗಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪಿಎಚ್‌ಡಿ ವಿಷಯವೇ ಬಳ್ಳಿಗಾವಿ ಸುತ್ತಿನ ದೇವಾಲಯಗಳು. ನಮ್ಮಲ್ಲೂ ಒಂದು ಕಾಲದ ಮಹಾನಗರವಿದೆ, ಅದಕ್ಕೂ ನೀರಿದೆ, ಗುಡಿಗಳಿವೆ, ಕತೆಯಿದೆ. ಊರಿಗೆ ಬಂದ ವಾರದಲ್ಲೇ ಹದಿನಾಲ್ಕು ಸ್ಲೈಡುಗಳ ಒಂದು ಯೋಜನೆ ತಯಾರಿಸಿದೆ. ಕೆರೆಯಲ್ಲಿ ದೋಣಿ, ದೋಣಿಯಲ್ಲಿ ಗೈಡು, ದಡದಲ್ಲಿ ಗುಡಿ. ಕಂಡ ಕಂಡವರಿಗೆಲ್ಲ ತೋರಿಸಿದೆ. ಎಲ್ಲರೂ ತಲೆದೂಗಿದರು.

ತಲೆದೂಗದೆ ಇದ್ದವರು ಒಬ್ಬರೇ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಟೇಪು ಹಿಡಿದು ನಾನು ಓಡಾಡುತ್ತಿದ್ದಾಗ, ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜಿ ನಿಂತರು.

"ಏನ್ ಅಳೀತಿದೀಯ ತಂಗಿ?"

ಹೇಳಿದೆ. ಇಲ್ಲಿ ದೋಣಿ ನಿಲ್ಲುತ್ತೆ, ಇಲ್ಲಿಂದ ಜನ ಹತ್ತುತ್ತಾರೆ, ಹೀಗೆ ಒಂದು ಸುತ್ತು ಬರುತ್ತಾರೆ.

"ನಿನ್ ಜನ ಬರಾದು ಯಾವಾಗ?"

"ರಜೆ ಟೈಮಲ್ಲಿ ಅಜ್ಜಿ. ಡಿಸೆಂಬರಿಂದ ಮೇ ತನಕ."

ಅಜ್ಜಿ ನಕ್ಕೇಬಿಟ್ಟರು. "ಆಗ ಕೆರೆ ನೀರು ಗದ್ದೆದು ಕಣೆ. ಗದ್ದೆಗೆ ಬಿಟ್ರೆ ನಿನ್ ದೋಣಿ ಕೆಸರಲ್ಲಿ ಕೂರುತ್ತೆ. ದೋಣಿ ತೇಲ್ಸಾಕೆ ನೀರ್ ಹಿಡ್ಕಂಡ್ರೆ ಗದ್ದೆ ಒಣಗುತ್ತೆ. ಯಾವ್ದು ಮಾಡಾದು ಹೇಳು?"

ನನ್ನ ಹದಿನಾಲ್ಕು ಸ್ಲೈಡುಗಳಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. ಸುಮ್ಮನೆ ನಿಂತೆ. ಅಜ್ಜಿ ಎಮ್ಮೆಯನ್ನು ತಿರುಗಿಸುತ್ತ, "ಕೋಡಿ ನೋಡಿದೀಯ ನೀನು? ಕೋಡಿ ಹತ್ರ ಇದ್ದ ಮಠಕ್ಕೇ ಅಲ್ವಾ ಕೋಡಿಮಠ ಅನ್ನಾದು?" ಎಂದರು.

ನೋಡಿರಲಿಲ್ಲ. ನನ್ನ ಪ್ರಬಂಧದ ಕರಡಿನಲ್ಲಿ 'ಕೋಡಿಯ ಮಠ' ಎಂಬ ಪದ ಐವತ್ತಕ್ಕೂ ಹೆಚ್ಚು ಬಾರಿ ಬರುತ್ತದೆ. ಅದರ ಅರ್ಥ ನನಗೆ ಗೊತ್ತಿತ್ತು, ಒಂದು ಅಡಿಟಿಪ್ಪಣಿಯನ್ನೂ ಬರೆದಿದ್ದೆ. ಆದರೆ ನಾಲ್ಕು ವರ್ಷದ ಕ್ಷೇತ್ರಕಾರ್ಯದಲ್ಲಿ ಒಂದು ದಿನವೂ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗಕ್ಕೆ ಹೋಗಿ ನಿಂತವಳಲ್ಲ. ಗುಡಿಯ ಕಂಬಗಳ ಸುತ್ತಳತೆ ನನ್ನ ಬಳಿ ಮಿಲಿಮೀಟರಿನಲ್ಲಿತ್ತು.

ಈಗ ವಾದಕ್ಕೆ ಬರುತ್ತೇನೆ.

ಬಳ್ಳಿಗಾವಿ ಇವತ್ತು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಹನ್ನೆರಡು ಸಾಸಿರ ಪ್ರಾಂತದ ರಾಜಧಾನಿ. ಐದು ಮಠ, ಮೂರು ಪುರ, ಏಳು ಬ್ರಹ್ಮಪುರಿಗಳಿದ್ದ ನಗರವೆಂದು ಶಾಸನಗಳು ಹೊಗಳುತ್ತವೆ. ಹರಿ, ಹರ, ಬ್ರಹ್ಮರ ಜೊತೆಗೆ ಜಿನನಿಗೂ ಬುದ್ಧನಿಗೂ ಅಲ್ಲಿ ನೆಲೆಯಿತ್ತು. 1065ರಲ್ಲಿ ಕಟ್ಟಿಸಿದ ಜಯಂತಿ ಬೌದ್ಧ ವಿಹಾರದ ದಾಖಲೆ ಕಲ್ಲಿನಲ್ಲೇ ಇದೆ. ಅಲ್ಲಮಪ್ರಭುವಿನ ಊರು ಅದು. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲೂ, ಸೊರಬದವನ್ನು ಎಂಟನೆಯ ಸಂಪುಟದಲ್ಲಿ 1904ರಲ್ಲೂ ಪ್ರಕಟಿಸಿದರು. ಈ ಎರಡು ತಾಲ್ಲೂಕುಗಳ ಕಲ್ಲುಗಳು ಮಾತಾಡಿದಷ್ಟು ಕರ್ನಾಟಕದ ಬೇರೆ ಕೆಲವೇ ತಾಲ್ಲೂಕುಗಳ ಕಲ್ಲುಗಳು ಮಾತಾಡಿವೆ.

ಆ ಕಲ್ಲುಗಳು ಏನು ಮಾತಾಡುತ್ತವೆ? ನಾವು ಕೇಳಿಸಿಕೊಳ್ಳುವುದು ರಾಜರ ಹೆಸರು, ಬಿರುದು, ಯುದ್ಧ. ಸ್ವಲ್ಪ ಕಿವಿಗೊಟ್ಟರೆ ಕೇಳಿಸುವುದು ನೀರು.

ತಾಳಗುಂದದಿಂದಲೇ ಶುರುಮಾಡೋಣ. ಶಿರಾಳಕೊಪ್ಪದ ಸಮೀಪದ ಈ ಊರಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬವನ್ನು ಶಾಲೆಯ ಪುಸ್ತಕ ಓದಿದ ಪ್ರತಿಯೊಬ್ಬರೂ ಬಲ್ಲರು. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ನಮಗೆ ಗೊತ್ತಿರುವುದು ಆ ಕಂಬದಿಂದ. ಐದನೆಯ ಶತಮಾನದ ಆ ಸಂಸ್ಕೃತ ಶಾಸನವನ್ನು ಬರೆದ ಕವಿ ಕುಬ್ಜ. ಆದರೆ ಆ ಕಂಬವನ್ನು ನಿಲ್ಲಿಸಿದ್ದು ಯಾತಕ್ಕೆ? ಕಾಕುಸ್ಥವರ್ಮ ಆ ಶಿವಾಲಯದ ಬಳಿ ಒಂದು ದೊಡ್ಡ ಕೆರೆ ಕಟ್ಟಿಸಿದ ಎಂದು ಹೇಳಲಿಕ್ಕೆ! ಕದಂಬರ ವಂಶದ ಕತೆಯೆಲ್ಲ ಆ ಒಂದು ಕೆರೆಯ ಕೆಲಸದ ಪೀಠಿಕೆ. ನಾವು ಪೀಠಿಕೆಯನ್ನು ಬಾಯಿಪಾಠ ಮಾಡಿ ವಿಷಯವನ್ನೇ ಬಿಟ್ಟವರು. ನಾಡಿನ ಮೊದಲ ರಾಜವಂಶದ ಅತಿ ದೊಡ್ಡ ದಾಖಲೆ ಒಂದು ಕೆರೆಯ ದಾಖಲೆ ಎಂದು ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಿಕೊಡಲಿಲ್ಲ.

ಇನ್ನು ಅಜ್ಜಿಯ ಕೋಡಿಮಠ. ತಾವರೆಕೆರೆಯ ದಡದ ದಕ್ಷಿಣ ಕೇದಾರೇಶ್ವರ ಗುಡಿಯನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಮೂರು ಗರ್ಭಗುಡಿಗಳ ತ್ರಿಕೂಟ, ಕಡೆದು ನುಣುಪಾಗಿಸಿದ ಕಂಬಗಳು. ಅದಕ್ಕೆ ಸೇರಿದ ಕಾಳಾಮುಖ ಯತಿಗಳ ಮಠವೇ ಕೋಡಿಯ ಮಠ. 1162ರ ಶಾಸನವೊಂದು ಅಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಕೊಡುತ್ತದೆ. ನಾಲ್ಕು ವೇದಗಳ ಪಾಠ, ಬಗೆಬಗೆಯ ವ್ಯಾಕರಣಗಳ ಪಾಠ, ಆರು ದರ್ಶನಗಳ ಚರ್ಚೆ. ಅದರ ಜೊತೆಗೇ ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ದಿಕ್ಕಿಲ್ಲದವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಜೈನ ಕ್ಷಪಣಕರಿಗೂ ಅನ್ನ. ಕಾಯಿಲೆಯವರಿಗೆ ಔಷಧ. ಇದನ್ನು ನಾವು ಪ್ರಾಚೀನ ವಿಶ್ವವಿದ್ಯಾಲಯ ಎಂದು ಭಾಷಣಗಳಲ್ಲಿ ಮೆರೆಸುತ್ತೇವೆ. ಆದರೆ ಆ ವಿಶ್ವವಿದ್ಯಾಲಯ ತನ್ನನ್ನು ಕರೆದುಕೊಂಡ ಹೆಸರು ಯಾವುದು? ರಾಜನದಲ್ಲ, ಗುರುವಿನದಲ್ಲ. ಕೆರೆಯ ಕೋಡಿಯದು. ಅಷ್ಟು ಜನಕ್ಕೆ ದಿನವೂ ಅನ್ನ ಹಾಕುವ ಮಠಕ್ಕೆ ಅಕ್ಕಿ ಎಲ್ಲಿಂದ ಬಂತು ಎಂಬ ಪ್ರಶ್ನೆಯ ಉತ್ತರವೂ ಆ ಹೆಸರಿನಲ್ಲೇ ಇದೆ.

ಹಾಗಾಗಿ ನನ್ನ ಮೊದಲ ತಕರಾರು ಇದು: ಬಳ್ಳಿಗಾವಿಯ ವಾಸ್ತುಶಿಲ್ಪ ಗುಡಿಯ ಹೊಸ್ತಿಲಿನಲ್ಲಿ ಶುರುವಾಗುವುದಿಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಅಚ್ಚುಕಟ್ಟಿನ ನಂತರ ಗುಡಿ. ನಾವು ಪ್ರವಾಸಿಗಳಿಗೆ ತೋರಿಸುವುದು ಈ ಸರಣಿಯ ಕೊನೆಯ ಮಣಿಯನ್ನು ಮಾತ್ರ. ಗುಡಿಯ ಸುತ್ತ ಹುಲ್ಲುಹಾಸು, ಹುಲ್ಲುಹಾಸಿನ ಸುತ್ತ ಬೇಲಿ, ಬೇಲಿಗೆ ಗೇಟು, ಗೇಟಿನ ಬಳಿ ಒಂದು ಫಲಕ. ಬಸ್ಸಿನಿಂದ ಇಳಿದವರು ಇಪ್ಪತ್ತು ನಿಮಿಷದಲ್ಲಿ ಫೋಟೋ ತೆಗೆದು ಹತ್ತುತ್ತಾರೆ. ಕೆರೆ ಅವರ ಫೋಟೋದ ಹಿನ್ನೆಲೆ.

ಎರಡನೆಯ ತಕರಾರು ಕಾನೂನಿನದು. ರಾಷ್ಟ್ರೀಯ ಸ್ಮಾರಕಗಳ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಹೇಳುತ್ತದೆ. ಗುಡಿಯ ಪಕ್ಕದ ಮನೆಯವನು ಸೋರುವ ಮಾಡು ರಿಪೇರಿ ಮಾಡಬೇಕಾದರೂ ಅನುಮತಿಗೆ ಅಲೆಯಬೇಕು. ಗುಡಿ ಉಳಿಯಬೇಕು, ಒಪ್ಪುತ್ತೇನೆ. ಆದರೆ ಗುಡಿಯನ್ನು ಸಾಕಿದ ಕೆರೆಗೆ ಹೂಳು ತುಂಬುತ್ತಿದ್ದರೆ, ಅಂಚು ಅಂಚಾಗಿ ಅಡಿಕೆ ತೋಟ ಒಳಗೆ ಬರುತ್ತಿದ್ದರೆ, ಅದು ಪರಂಪರೆಯ ಪ್ರಶ್ನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಕೆರೆಗಳಿಗೆಂದೇ 2014ರಲ್ಲಿ ರಾಜ್ಯದ ಕಾಯ್ದೆ ಬಂದಿದೆ. ಆದರೆ ಗುಡಿಯ ಕಡತ ಒಂದು ಇಲಾಖೆಯಲ್ಲಿ, ಕೆರೆಯ ಕಡತ ಇನ್ನೊಂದರಲ್ಲಿ. ಒಂದೇ ಶಾಸನದಲ್ಲಿ ಒಟ್ಟಿಗೆ ಇದ್ದವು ಒಂದೇ ಕಪಾಟಿನಲ್ಲಿ ಒಟ್ಟಿಗಿಲ್ಲ.

ಸೊರಬದ ಕಡೆ ಹೋದರೆ ಇದು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಸೊರಬ ಕೆರೆಗಳ ತಾಲ್ಲೂಕು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಕೊನೆಗೆ ದಂಡಾವತಿಗೋ ವರದೆಗೋ. ಗುಡವಿಗೆ ಹಕ್ಕಿ ನೋಡಲು ಹೋಗುವವರು ಅದು ಒಂದು ಕೆರೆ ಎಂಬುದನ್ನು ಮರೆತೇ ಹೋಗಿರುತ್ತಾರೆ. ಕುಬಟೂರಿನ ಕೈಟಭೇಶ್ವರನ ಗುಡಿಯ ಮುಂದೆ ನಿಂತು ಚಾಲುಕ್ಯ ಶೈಲಿಯೋ ಹೊಯ್ಸಳ ಶೈಲಿಯೋ ಎಂದು ನಾವು ಗಂಟೆಗಟ್ಟಲೆ ಚರ್ಚೆ ಮಾಡಬಲ್ಲೆವು. ಆ ಊರಿಗೆ ನೀರು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಮುಕ್ಕಾಲು ಮಂದಿ ಮೊಬೈಲು ತೆಗೆಯುತ್ತೇವೆ.

ಮೂರನೆಯ ತಕರಾರು ದುಡ್ಡಿನದು. ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ, ಕಟ್ಟುಕೊಡಗೆ ಎಂಬ ಮಾತು ಬರುತ್ತದೆ. ಕೆರೆಯ ದುರಸ್ತಿಗೆಂದು, ಹೂಳು ತೆಗೆಯಲಿಕ್ಕೆಂದು ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಅದು. ಮಣ್ಣು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟ ಉದಾಹರಣೆಗಳು ಕರ್ನಾಟಕದಲ್ಲಿವೆ. ಅಂದರೆ ಆ ಕಾಲದವರು ಕಟ್ಟುವುದು ಒಂದು ದಿನದ ಕೆಲಸ, ಕಾಯುವುದು ದಿನದಿನದ ಕೆಲಸ ಎಂದು ತಿಳಿದಿದ್ದರು, ಎರಡನೆಯದಕ್ಕೆ ಮೊದಲೇ ದುಡ್ಡಿನ ದಾರಿ ಮಾಡುತ್ತಿದ್ದರು. ನಮ್ಮ ಪ್ರವಾಸೋದ್ಯಮ ಇದರ ತಿರುವುಮುರುವು. ಕಟ್ಟಲಿಕ್ಕೆ ಹಣವಿದೆ, ಕಾಯಲಿಕ್ಕಿಲ್ಲ. ಅಕ್ಕಮಹಾದೇವಿಯ ಉಡುತಡಿಯಲ್ಲಿ ಎತ್ತರದ ಪ್ರತಿಮೆ ಎದ್ದು ನಿಂತಿದೆ. ಪ್ರತಿಮೆಗೆ ನನ್ನ ವಿರೋಧವಿಲ್ಲ. ಎಲ್ಲವನ್ನೂ ಬಿಟ್ಟು ಹೊರಟ ಹೆಣ್ಣಿನ ಕತೆಯನ್ನು ಬಂದವರಿಗೆ ಅರ್ಥವಾಗುವ ಹಾಗೆ ಹೇಳುವ ಒಬ್ಬ ಹುಡುಗಿಗೆ ತಿಂಗಳು ತಿಂಗಳು ಸಂಬಳ ಕೊಡುವ ಬಾಬತ್ತು ನಮ್ಮ ಬಜೆಟ್ಟುಗಳಲ್ಲಿ ಯಾಕಿಲ್ಲ ಎಂಬುದು ನನ್ನ ಪ್ರಶ್ನೆ. ದೋಣಿಯೂ ಹೀಗೇ. ಉದ್ಘಾಟನೆಯ ದಿನ ಎಲ್ಲರೂ ಹತ್ತುತ್ತಾರೆ. ಮೂರನೆಯ ವರ್ಷ ಅದು ದಡದಲ್ಲಿ ಮಗುಚಿ ಬಿದ್ದು ಬಿಸಿಲಿಗೆ ಬಣ್ಣ ಬಿಡುತ್ತದೆ. ಇಂಥ ದೋಣಿಗಳನ್ನು ನೋಡದವರು ಯಾರಿದ್ದೀರಿ, ಕೈ ಎತ್ತಿ.

ಈಗ ನನಗೆ ಬರುವ ಉತ್ತರಗಳು.

ಒಂದು: "ಅಮೆರಿಕದಲ್ಲಿ ದುಡ್ಡಿದೆ, ನಮ್ಮಲ್ಲಿ ಎಲ್ಲಿದೆ?" ಶಿಕಾಗೊದ ದೋಣಿಯಲ್ಲಿ ನಾನು ಕಂಡ ಅತ್ಯಂತ ಬೆಲೆಬಾಳುವ ವಸ್ತುವಿಗೆ ಸಂಬಳವೇ ಇರಲಿಲ್ಲ ಎಂದು ಆಗಲೇ ಹೇಳಿದೆ. ಆ ಹೆಂಗಸನ್ನು ದೋಣಿಯಿಂದ ಇಳಿಸಿಬಿಟ್ಟರೆ ಉಳಿಯುವುದು ಬಿಸಿಲು ಮತ್ತು ಡೀಸೆಲ್ ವಾಸನೆ. ನಾನು ಅಲ್ಲಿಂದ ತರಬೇಕಾಗಿದ್ದದ್ದು ಆಕೆಯನ್ನು. ತಂದದ್ದು ದೋಣಿಯನ್ನು. ಹಾಗೆಂದು ನಮ್ಮ ಹುಡುಗ ಹುಡುಗಿಯರು ಪುಕ್ಕಟೆ ದುಡಿಯಲಿ ಎಂದು ನಾನು ಹೇಳುವವಳಲ್ಲ. ಪಿಂಚಣಿ ಬರುವವರು ಸ್ವಯಂಸೇವೆ ಮಾಡಬಹುದು. ಮಳೆಗಾಲದಲ್ಲಿ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ಬಿ.ಎ. ಪದವೀಧರೆ ಯಾಕೆ ಮಾಡಬೇಕು? ಅವಳಿಗೆ ಸಂಬಳ ಕೊಡಬೇಕು.

ಎರಡು: "ಜನ ಬರೋದು ಮೋಜಿಗೆ, ನಿಮ್ಮ ತೂಬು ಕೋಡಿ ಯಾರಿಗೆ ಬೇಕು?" ಇದು ಬಂದವರನ್ನು ದಡ್ಡರೆಂದುಕೊಳ್ಳುವ ಮಾತು. ಶಿಕಾಗೊದ ಆ ದೋಣಿಯಲ್ಲಿ ಮಕ್ಕಳೂ ಮುದುಕರೂ ಐಸ್‌ಕ್ರೀಮ್ ತಿನ್ನುತ್ತ ಕೂತಿದ್ದರು. ಚರಂಡಿಯ ಮಾತು ಬಂದಾಗ ಇಡೀ ದೋಣಿ ಕಿವಿಯಾಯಿತು. ತಮ್ಮ ಊರಿನ ಹೊಲಸಿನ ಕತೆಯನ್ನು ಅಡಗಿಸದೆ ಹೇಳಿದ್ದಕ್ಕೇ ಉಳಿದದ್ದೆಲ್ಲ ನಂಬುವಂತಾಯಿತು. ನಾವು ಬಳ್ಳಿಗಾವಿಯನ್ನು ಹೊಗಳಿ ಹೊಗಳಿ ಯಾರೂ ನಂಬದ ಹಾಗೆ ಮಾಡಿದ್ದೇವೆ. ಸೊರಬದ ವೀರಗಲ್ಲುಗಳಲ್ಲಿ ಊರಳಿವು ಇದೆ, ತುರುಗೋಳು ಇದೆ, ಪೆಣ್ಬುಯ್ಯಲ್ ಇದೆ. ಊರು ಸುಟ್ಟರು, ದನ ಹೊಡೆದರು, ಹೆಂಗಸರ ಸೀರೆ ಸೆಳೆದರು, ತಡೆಯಲು ಹೋದವನು ಸತ್ತ. ಎಷ್ಟೋ ಊರುಗಳ ಹಿತ್ತಿಲಲ್ಲಿ ಆ ಕಲ್ಲುಗಳು ಇವತ್ತಿಗೂ ನಿಂತಿವೆ. ಈ ಕತೆ ಕೇಳಿ ಆಕಳಿಸುವ ಪ್ರವಾಸಿಯನ್ನು ನಾನು ಇನ್ನೂ ನೋಡಿಲ್ಲ. ಬಂದಳಿಕೆಯಲ್ಲಿ ನಿಂತು, ಹತ್ತನೆಯ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ನಾಗರಖಂಡ ಎಪ್ಪತ್ತರ ಆಡಳಿತ ವಹಿಸಿ ನಡೆಸಿದ ಜಕ್ಕಿಯಬ್ಬೆಯ ಹೆಸರು ಹೇಳಿ ನೋಡಿ. ಕೊನೆಗೆ ಆಕೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಅದೇ ಊರಿನ ಬಸದಿಯಲ್ಲಿ ಸಲ್ಲೇಖನ ಹಿಡಿದಳು ಎಂದು ಹೇಳಿ ನೋಡಿ. ಫೋಟೋ ತೆಗೆಯುತ್ತಿದ್ದ ಕೈಗಳು ಕೆಳಗಿಳಿಯುತ್ತವೆ.

ಮೂರು: "ನೀವು ಓದಿದವರು ಎಲ್ಲದಕ್ಕೂ ಅಡ್ಡಗಾಲು." ಈ ಮಾತು ಸ್ವಲ್ಪ ನಿಜ, ಹಾಗಾಗಿ ಇದಕ್ಕೆ ಸ್ವಲ್ಪ ಉದ್ದದ ಉತ್ತರ.

ಈ ಎರಡು ತಾಲ್ಲೂಕುಗಳ ಮೇಲೆ ಪಿಎಚ್‌ಡಿ ಮಾಡಿದವರನ್ನು ಸಾಲಾಗಿ ನಿಲ್ಲಿಸಿದರೆ ಕೆರೆ ಏರಿ ಸಾಲದೇ ಹೋಗಬಹುದು. ನಾವು ಬರುತ್ತೇವೆ, ಊರಿನವರ ಮನೆಯಲ್ಲಿ ಊಟ ಮಾಡುತ್ತೇವೆ, ಅವರ ಹಿತ್ತಿಲಿನ ಕಲ್ಲಿಗೆ ಹಿಟ್ಟು ಬಳಿದು ಅಕ್ಷರ ಓದುತ್ತೇವೆ, ಹೋಗುತ್ತೇವೆ. ಆಮೇಲೆ ಬರೆಯುವ ಪ್ರಬಂಧವನ್ನು ಆ ಮನೆಯವರು ಓದುವುದಿರಲಿ, ನಮ್ಮ ಮಾರ್ಗದರ್ಶಕರೂ ಪೂರ್ತಿ ಓದಿರುತ್ತಾರೆಂದು ಹೇಳಲು ಧೈರ್ಯವಿಲ್ಲ. ಒಮ್ಮೆ ಒಂದು ಕಾಲೇಜಿನ ಮಕ್ಕಳಿಗೆ ಗುಡಿ ತೋರಿಸುವ ಕೆಲಸ ನನಗೆ ಬಂತು. ತ್ರಿಪುರಾಂತಕೇಶ್ವರದ ಮುಂದೆ ನಿಂತು ನಲವತ್ತು ನಿಮಿಷ ಅಧಿಷ್ಠಾನ, ಕಪೋತ, ಪಾದವರ್ಗ ಎಂದು ಮಾತಾಡಿದೆ. ಆ ಮಕ್ಕಳ ಪಕ್ಕದಲ್ಲೇ ಕಲ್ಲಿನಲ್ಲಿ ಪಂಚತಂತ್ರದ ಕತೆಗಳಿದ್ದವು. ನಾನು ಅದನ್ನು ತೋರಿಸಲೇ ಇಲ್ಲ. ಪ್ರಬಂಧದ ಆ ಅಧ್ಯಾಯವನ್ನು ನಾನಿನ್ನೂ ಬರೆದಿರಲಿಲ್ಲವಲ್ಲ!

ದಾಸೋಜನ ಹೆಸರು ಗೊತ್ತಿರಬಹುದು. 1117ರ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರನ್ನು ಕಡೆದು ತನ್ನ ಹೆಸರು ಬರೆದವನು. ಅವನು ಬಳ್ಳಿಗಾವಿಯವನು. ಮಗ ಚಾವಣನೂ ಅಲ್ಲೇ ಅವನ ಜೊತೆ ಕೆಲಸ ಮಾಡಿದ. ಶಿಕಾಗೊದಲ್ಲಿ ಆ ಶಿಕ್ಷಕಿ ಒಂದೊಂದು ಕಟ್ಟಡಕ್ಕೂ ಒಬ್ಬೊಬ್ಬನ ಹೆಸರು ಹೇಳುತ್ತಿದ್ದಾಗ ನನಗೆ ನೆನಪಾದವನು ಇವನೇ. ಬೇಲೂರಿಗೆ ಬಂದವರಿಗೆ ಬಳ್ಳಿಗಾವಿಯ ದಾಸೋಜ ಸಿಗುತ್ತಾನೆ. ಬಳ್ಳಿಗಾವಿಗೆ ಬಂದವರಿಗೆ ದಾಸೋಜ ಸಿಗುವುದಿಲ್ಲ. ಇದಕ್ಕೆ ಕಾರಣ ದುಡ್ಡಿನ ಕೊರತೆಯೂ ಅಲ್ಲ, ದೋಣಿಯ ಕೊರತೆಯೂ ಅಲ್ಲ. ಅವನ ಹೆಸರು ಗೊತ್ತಿದ್ದ ನಾವು ಅವನ ಊರಿನಲ್ಲಿ ಬಾಯಿ ಬಿಡಲಿಲ್ಲ.

ಹಾಗಾದರೆ ನನಗೇನು ಬೇಕು? ಬರೀ ಬೈದು ಕೂರುವವರನ್ನು ಕಂಡರೆ ನನಗೂ ಆಗುವುದಿಲ್ಲ. ಮೂರೇ ಬೇಡಿಕೆ.

ಈ ಎರಡು ತಾಲ್ಲೂಕುಗಳ ಮೇಲೆ ಸಂಶೋಧನೆ ಮಾಡಿದ ಪ್ರತಿಯೊಬ್ಬರೂ ಮೌಖಿಕ ಪರೀಕ್ಷೆಗೆ ಮೊದಲು ತಮ್ಮ ಪ್ರಬಂಧವನ್ನು ಆ ಊರಿನ ಶಾಲೆಯಲ್ಲೋ ಗುಡಿಯ ಕಟ್ಟೆಯಲ್ಲೋ, ಊರಿನ ಕನ್ನಡದಲ್ಲಿ, ಒಂದು ಗಂಟೆ ಹೇಳಬೇಕು. ಅಲ್ಲಿ ಕೇಳುವ ಪ್ರಶ್ನೆಗಳು ಪರೀಕ್ಷಕರ ಪ್ರಶ್ನೆಗಳಿಗಿಂತ ಕಷ್ಟವಾಗಿರುತ್ತವೆ. ಅನುಭವದಿಂದ ಹೇಳುತ್ತಿದ್ದೇನೆ.

ತಾಳಗುಂದ, ಬಳ್ಳಿಗಾವಿ, ಬಂದಳಿಕೆ, ಉದ್ರಿ, ಕುಬಟೂರು. ಊರಿಗೆ ಇಬ್ಬರಂತೆ ಅದೇ ಊರಿನ ಹುಡುಗ ಹುಡುಗಿಯರಿಗೆ ವರ್ಷಪೂರ್ತಿ ಸಂಬಳದ ಮೇಲೆ ಮಾರ್ಗದರ್ಶಿ ಕೆಲಸ. ಹತ್ತು ಜನ. ಒಂದು ದೋಣಿ, ಒಂದು ಜೆಟ್ಟಿ, ಒಂದು ಕಮಾನು, ಒಂದು ಉದ್ಘಾಟನೆಯ ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಇದೆಷ್ಟು ವರ್ಷ ನಡೆಯುತ್ತದೆಂದು ಲೆಕ್ಕ ಬಲ್ಲವರು ಹಾಕಲಿ. ತರಬೇತಿ ಕೊಡಲಿಕ್ಕೆ ನಾವಿದ್ದೇವೆ. ಕೆರೆಯ ಪಾಠ ಹೇಳಲಿಕ್ಕೆ ತೂಬು ಎತ್ತುವ ನೀರಗಂಟಿಗಳು ಇದ್ದಾರೆ. ಅವರಿಗೂ ಗೌರವಧನ ಕೊಡಬೇಕು.

ಮೂರನೆಯದಕ್ಕೆ ಖರ್ಚೇ ಇಲ್ಲ. ನೋಡುವುದನ್ನು ಕೆರೆಯಿಂದ ಶುರುಮಾಡಬೇಕು. ಬಸ್ಸು ಗುಡಿಯ ಗೇಟಿನಲ್ಲಿ ನಿಲ್ಲುವುದರ ಬದಲು ಏರಿಯ ತುದಿಯಲ್ಲಿ ನಿಲ್ಲಲಿ. ಏರಿಯ ಮೇಲೆ ನಡೆದು, ಕೋಡಿ ನೋಡಿ, ಗದ್ದೆಯ ಬದುವಿನ ಮೇಲೆ ಹಾದು, ಆಮೇಲೆ ಗುಡಿಗೆ ಬರಲಿ. ಮಳೆಗಾಲದಲ್ಲಿ ಕೋಡಿ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಕೆರೆಯ ಹೊಟ್ಟೆ ಬಿರುಕು ಬಿಟ್ಟಿರುತ್ತದೆ. ಎರಡೂ ನೋಡಬೇಕಾದ್ದೇ. ತುಂಬಿದ ಕೆರೆ ಮಾತ್ರ ಚಂದ ಎನ್ನುವುದು ದೋಣಿಯ ಸೌಂದರ್ಯಶಾಸ್ತ್ರ. ಗದ್ದೆಗೆ ನೀರು ಕೊಟ್ಟು ಖಾಲಿಯಾದ ಕೆರೆಯೂ ಚಂದವೇ. ಅದು ಕೆಲಸ ಮುಗಿಸಿದ ಕೆರೆ.

ನಾನು ಹದಿನಾಲ್ಕು ಸ್ಲೈಡುಗಳನ್ನು ಅಳಿಸಿದೆ. ಹೋದ ಚಳಿಗಾಲದ ಒಂದು ಭಾನುವಾರ, ಪರಿಚಯದ ಮೇಷ್ಟ್ರೊಬ್ಬರು ಕಳಿಸಿದ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಕೋಡಿಯಿಂದ ನಡೆಯಲು ಶುರುಮಾಡಿದೆ. ದಾರಿಯಲ್ಲಿ ನಾನು ಅಚ್ಚುಕಟ್ಟಿನ ಗಡಿಯನ್ನು ತಪ್ಪಾಗಿ ತೋರಿಸಿದೆ. ಗದ್ದೆಯಲ್ಲಿದ್ದ ಒಬ್ಬರು ಅಲ್ಲಿಂದಲೇ ಕೂಗಿ ತಿದ್ದಿದರು. ಮಕ್ಕಳು ನಕ್ಕರು. ಕೇದಾರೇಶ್ವರದ ಹೊತ್ತಿಗೆ ಬಿಸಿಲೇರಿತ್ತು. ಕಂಬದ ನೆರಳಿನಲ್ಲಿ ಕೂರಿಸಿ ದಾಸೋಜನ ಕತೆ ಹೇಳಿದೆ. ಇಲ್ಲಿಂದ ಹೋಗಿ ಬೇಲೂರಿನಲ್ಲಿ ಕೆಲಸ ಮಾಡಿದ, ಕಲ್ಲಿನ ಮೇಲೆ ತನ್ನೂರಿನ ಹೆಸರನ್ನೂ ಬರೆದುಕೊಂಡ ಎಂದೆ.

ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮಿಸ್, ಅವನ ಮನೆ ನಮ್ಮೂರಲ್ಲಿ ಎಲ್ಲಿತ್ತು?"

ಗೊತ್ತಿಲ್ಲ ಎಂದೆ. ಅವಳಿಗೆ ನನ್ನ ಉತ್ತರ ಒಪ್ಪಿಗೆಯಾಗಲಿಲ್ಲ. ವಾಪಸು ಬರುವಾಗ ಕೇರಿಯ ಒಂದೊಂದು ಮನೆಯ ಮೆಟ್ಟಿಲ ಕಲ್ಲನ್ನೂ ಬಗ್ಗಿ ಬಗ್ಗಿ ನೋಡುತ್ತ ಎಲ್ಲರಿಗಿಂತ ಹಿಂದೆ ಉಳಿದಳು.